ಅನುಮಾನ ಅಳಿಸುವ ಕೆಲಸ

'ಇರಬಹುದು' ಎಂದು ಬರೆದ ಜಾಲತಾಣವನ್ನು ಎಐ ಸಹಾಯಕ ಉಲ್ಲೇಖಿಸುವುದಿಲ್ಲ. ಅಂಥ ಅನುಮಾನದ ಮಾತುಗಳನ್ನು ಅಳಿಸಿಕೊಡುವುದೇ ನೀಲಾಂಬಿಕಾಳ ಕಸುಬು. ಹೋದ ವಾರ ಅಪ್ಪನ ಜಾಲತಾಣವನ್ನೂ ಅವರಿಗೆ ಹೇಳದೆ ತಿದ್ದಿದ್ದಳು.

ರೊಟ್ಟಿ ಮುರಿಯುತ್ತ ಅಪ್ಪ, ಚನ್ನವೀರಯ್ಯ ಮಾಸ್ತರರು, ದಿನದಂತೆ ಸಹಾಯಕನನ್ನು ಕೇಳಿದರು: "ನಮ್ಮ ಕೆರಿ ದಂಡಿ ವೀರಗಲ್ಲು ಯಾರದು?"

ದಿನವೂ 'ಮಾಹಿತಿ ಇಲ್ಲ' ಎನ್ನುತ್ತಿದ್ದ ದನಿ ಇಂದು, "ಬೀಚಗಾವುಂಡನದು" ಎಂದಿತು.

ಮಾಸ್ತರರ ಕಣ್ಣು ತುಂಬಿದವು. "ನಲವತ್ತು ವರ್ಷ ಹುಡುಕಿದೆ ನೀಲವ್ವಾ, ನನಗ ಖಾತ್ರಿ ಆಗಲಿಲ್ಲ. ಕಡೀಕೂ ಯಾರೋ ಪತ್ತೆ ಹಚ್ಚ್ಯಾರ! ಯಾರಂತ ಕೇಳು, ಹೋಗಿ ಕೈ ಮುಗದು ಬರತೀನಿ."

ಅವಳು ಕೇಳಲಿಲ್ಲ. ದನಿ ತಾನಾಗಿಯೇ ಹೇಳಿತು: "ಆಧಾರ, ಚನ್ನವೀರಯ್ಯ ಮಾಸ್ತರರ ಜಾಲತಾಣ."

ಮಾಸ್ತರರು ರೊಟ್ಟಿ ಕೆಳಗಿಟ್ಟರು. "ನಾ 'ಇರಬಹುದು' ಅಂತ ಬರದಿದ್ನಲ್ಲವಾ?"