ಮೈಗ್ರೇನ್ ಕನ್ನಡಕ

ಟ್ಯೂಬ್‌ಲೈಟಿನ ಬೆಳಕಿಗೂ ತಲೆ ಸಿಡಿಯುವ ಮೈಗ್ರೇನ್ ನನ್ನದು. ಡಾಕ್ಟರು ಬರೆದುಕೊಟ್ಟ ಬಣ್ಣದ ಕನ್ನಡಕ ಹಾಕಿಕೊಂಡು ಸ್ಟಾಫ್ ರೂಮಿಗೆ ಬಂದೆ. ಪಕ್ಕದ ಕುರ್ಚಿಯ ಮಹಾ ಮಾತುಗಾರ ರುದ್ರಮುನಿ ಮೇಷ್ಟ್ರು ಹೌಹಾರಿದರು.

"ಮದ್ರಾಸ್ ಐನಾ ಸಾರ್?"

ತಲೆನೋವು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕುರ್ಚಿ ಎತ್ತಿಕೊಂಡು ಮೂಲೆಗೆ ಓಡಿದ್ದರು.

"ಹೌದು ಸಾರ್," ಎಂದೆ. ಜನ್ಮದಲ್ಲಿ ಮೊದಲ ಸಲ ನನಗೆ ಸಮಯಕ್ಕೆ ಸರಿಯಾಗಿ ಬುದ್ಧಿ ಹೊಳೆದಿತ್ತು.

ನಾಲ್ಕು ದಿನ ಯಾರೂ ಹತ್ತಿರ ಸುಳಿಯಲಿಲ್ಲ, ತಲೆಯೂ ನೋಯಲಿಲ್ಲ. ಮನೆಯವರೆದುರು ಕನ್ನಡಕವನ್ನೇ ಹೊಗಳಿದೆ.

ಐದನೆಯ ದಿನ ರುದ್ರಮುನಿ ಕಪ್ಪು ಕನ್ನಡಕದಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ ಬಂದರು. ಕುರ್ಚಿ ಎಳೆದು ನನಗೆ ಒತ್ತಿಕೊಂಡೇ ಕೂತರು.

"ನಿಮ್ದು ನಂಗೂ ಅಂಟ್ತು ಸಾರ್. ಇನ್ಯಾಕೆ ಹೆದರ್ಕೆ? ನಾಲ್ಕು ದಿನದ ಮಾತೆಲ್ಲ ಹಂಗೇ ಉಳ್ಕೊಂಡಿದೆ."