ಉಸಿರಾಡುವ ಖಾಲಿ ಸಾಲು

ಎಲ್ಲರ ಮಾತೂ ಫೈಲಿನಲ್ಲಿರುವ ಕಾಲವದು. ಗದಗಿನ ಮಾತು ರಿಪೇರಿ ಅಂಗಡಿಗೆ ಕುಸ್ತಿ ಕಣದಲ್ಲಿ ಪೈಲವಾನರ ಹೆಸರು ಕೂಗುವ ಫಕೀರಪ್ಪ ಹೆಂಡತಿ ಶಾವಂತ್ರವ್ವನೊಡನೆ ಬಂದಿದ್ದ. ಅವನ ಫೈಲು ಹೊಸ ಯಂತ್ರಕ್ಕೆ ಬರುವಾಗ ಮೂರು ಪದಕ್ಕೊಮ್ಮೆ ಸಾಲು ಮುರಿದಿತ್ತು; ಅವನ ಮಾತೂ ಅಲ್ಲಲ್ಲೇ ತುಂಡಾಗುತ್ತಿತ್ತು.

"ನಾಳೆ ಕುಸ್ತಿ ಐತ್ರಿ... ಹಿಂಗ ಕೂಗಿದ್ರ ಮಂದಿ... ನಗ್ತಾರ್ರಿ."

"ಕುಂದರ್ರಿ, ಎರಡ ನಿಮಿಷದ ಕೆಲಸ," ಎನ್ನುತ್ತ ಅಂಗಡಿಯ ನೀಲಗಂಗಾ ಫೈಂಡ್-ರಿಪ್ಲೇಸ್ ತೆರೆದು, ಸಾಲು ಮುರಿದಲ್ಲೆಲ್ಲ ಒಂದು ಸ್ಪೇಸ್ ಹಾಕಿಸಿಬಿಟ್ಟಳು.

ಫಕೀರಪ್ಪನ ಮಾತು ಹೊಳೆಯಂತೆ ಹರಿಯಿತು. ಆದರೆ ನಿಲ್ಲಲೇ ಇಲ್ಲ. ತುಟಿ ನೀಲಿಯಾಯಿತು.

"ಅಕ್ಕಾರ, ಉಸಿರ ತಗೊಳವಲ್ರು!" ಶಾವಂತ್ರವ್ವ ಚೀರಿದಳು.

ಅವಸರದಲ್ಲಿ ಪ್ಯಾರಾಗಳ ನಡುವಿನ ಖಾಲಿ ಸಾಲುಗಳೂ ಅಳಿಸಿಹೋಗಿದ್ದವು. ಮನುಷ್ಯ ಉಸಿರಾಡುವುದೇ ಅಲ್ಲಿ! ನೀಲಗಂಗಾ ತಟ್ಟನೆ ಅನ್‌ಡೂ ಒತ್ತಿದಳು. ಈ ಸಲ ಮೊದಲು ಖಾಲಿ ಸಾಲಿದ್ದಲ್ಲೆಲ್ಲ ಒಂದೊಂದು ನಕ್ಷತ್ರದ ಗುರುತು ಇಟ್ಟಳು. ಆಮೇಲೆ ಮುರಿದ ಸಾಲುಗಳನ್ನು ಕೂಡಿಸಿದಳು. ಕೊನೆಗೆ ನಕ್ಷತ್ರ ತೆಗೆದು ಖಾಲಿ ಸಾಲುಗಳನ್ನು ಮರಳಿ ಕೊಟ್ಟಳು.

"ಹೋದ ಜೀವ ಬಂದಂಗಾತು ನೋಡ್ರಿ ಅಕ್ಕಾರ," ಎಂದು ಫಕೀರಪ್ಪ ತಡವರಿಸದೆ ಹೇಳಿದ. ಹೇಳಿ ಸುಮ್ಮನಾದ. ಎದೆ ನಿಧಾನಕ್ಕೆ ಏರಿ ಇಳಿಯಿತು.

ಶಾವಂತ್ರವ್ವ ಆ ಮೌನಕ್ಕೇ ಕೈ ಮುಗಿದಳು. ಸೇವ್ ಒತ್ತಿದ ಮೇಲಷ್ಟೇ ನೀಲಗಂಗಾ ತಾನೂ ಉಸಿರು ಬಿಟ್ಟಳು.