ನಲವತ್ತೊಂದನೇ ನಂಬರು

“ನಲವತ್ತೊಂದು!”

“ಪ್ರೆಸೆಂಟ್ ಸಾರ್!”

“ನಲವತ್ತೆರಡು!”

“ಪ್ರೆಸೆಂಟ್ ಸಾರ್!”

ಭೂಗೋಳದ ಮೇಷ್ಟ್ರ ಪೆನ್ನು ನಿಂತಿತು. ತಲೆ ಮಾತ್ರ ಹಾಜರಿ ಪುಸ್ತಕದಿಂದ ಮೇಲೇಳಲಿಲ್ಲ. ವರ್ಷ ಶುರುವಾದಾಗಿನಿಂದ ಅವರು ಯಾರ ಮುಖವನ್ನೂ ನೋಡಿದವರಲ್ಲ. ಹಾಜರಿ ಕೂಗುವಾಗ ಪುಸ್ತಕ, ಪಾಠ ಹೇಳುವಾಗ ಕಿಟಕಿ.

“ಎರಡು ನಂಬರಿಗೂ ಒಂದೇ ಗಂಟಲಾ?” ಅಂದರು. “ಯಾರದು? ಎದ್ದು ನಿಲ್ಲಿ.”

ಎದ್ದು ನಿಂತವಳು ನಲವತ್ತೆರಡು. ಬಾಯಿ ತೆರೆದರೆ ನಿಲ್ಲಿಸುವುದೇ ಗೊತ್ತಿಲ್ಲದ ಅವಳಿಗೆ ಹಾಸ್ಟೆಲಿನವರು ಗಿರಣಿ ಅಂತ ಹೆಸರಿಟ್ಟಿದ್ದರು. ಪಕ್ಕದಲ್ಲೇ, ಬೆಂಚಿನ ತುದಿಯಲ್ಲಿ ನಲವತ್ತೊಂದು ಕೂತಿದ್ದಳು, ಭೂಮಿ ಬಾಯಿಬಿಟ್ಟರೆ ಈಗಿಂದೀಗಲೇ ಇಳಿದುಬಿಡುತ್ತೇನೆ ಅನ್ನುವ ಹಾಗೆ ಮುದುಡಿಕೊಂಡು.

ಪಾಪ, ಅವಳಾದರೂ ಏನು ಮಾಡಿಯಾಳು? ತುಂಬಿದ ಮನೆಯ ಕೊನೇ ಕೂಸು. ಅವಳಿಗೆ ಹಸಿವಾದರೆ ಅಜ್ಜಿ ಹೇಳುತ್ತಿದ್ದಳು, ಜ್ವರ ಬಂದರೆ ಅಮ್ಮ ಹೇಳುತ್ತಿದ್ದಳು, ಮಾರ್ಕ್ಸು ಬಂದರೆ ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ತಾನೇ ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಆ ‘ಪ್ರೆಸೆಂಟ್’ ಬಾಯಿಂದ ಹೊರಡುತ್ತಿತ್ತು, ಮುಂದಿನ ಬೆಂಚು ದಾಟುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಮೇಷ್ಟ್ರು ಗೈರುಹಾಜರಿ ಹಾಕಿ ಮುಂದಿನ ನಂಬರಿಗೆ ಹೋಗುತ್ತಿದ್ದರು. ಹೇಳಿಬಿಡೋಣ ಅಂತ ಅವರ ಕೋಣೆಯವರೆಗೂ ಎಷ್ಟೋ ಸಲ ನಡೆದಿದ್ದಳು, ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು. ಬಾಗಿಲಲ್ಲಿ ಅವರ ಬೆನ್ನು ಕಂಡರೆ ಸಾಕು, ಕಾಲು ತಾನಾಗಿ ವಾಪಸ್ಸು ತಿರುಗುತ್ತಿತ್ತು.

ಹಾಜರಿ ಕಡಿಮೆ ಇದ್ದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನೋಟೀಸು ಬಿದ್ದ ದಿನ ಬಚ್ಚಲುಮನೆ ಸೇರಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಬಾಗಿಲಾಚೆಯಿಂದ ಗಿರಣಿಯ ದನಿ ಬಂತು: “ಮೊದಲು ಆ ನಲ್ಲಿ ನಿಲ್ಲಿಸು ಮಾರಾಯ್ತಿ, ನೀರಾದ್ರೂ ಉಳೀಲಿ. ನಾಳೆಯಿಂದ ನಿಂದೂ ನಾನೇ ಕೂಗ್ತೀನಿ.”

ಹಾಗೆ ಕೂಗಿಯೇ ಈಗ ಸಿಕ್ಕಿಬಿದ್ದದ್ದು.

“ಬರದೇ ಇರೋರಿಗೆಲ್ಲ ಹಾಜರಿ ಕೂಗ್ತೀಯಾ?”

“ಬಂದಿದ್ದಾಳೆ ಸಾರ್. ಇಲ್ಲೇ ಇದ್ದಾಳೆ.”

“ಇದ್ರೆ ಅವಳೇ ಯಾಕೆ ಕೂಗಲ್ಲ?”

“ಕೂಗ್ತಾಳೆ ಸಾರ್. ನಿಮಗೆ ಕೇಳಿಸಲ್ಲ.”

ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರಿಗೆ ರೇಗಿಹೋಯಿತು. “ನಡಿ ಹೊರಗೆ. ಈ ವರ್ಷ ಮುಗಿಯೋವರೆಗೂ ನನ್ನ ಕ್ಲಾಸಿಗೆ ಕಾಲಿಡಬೇಡ.”

ಗಿರಣಿ ಪುಸ್ತಕ ಜೋಡಿಸಿಕೊಂಡಳು. ನೋಡಿದ್ದಕ್ಕೂ ಕೇಳಿದ್ದಕ್ಕೂ ಒಂದು ಮಾತು ಸೇರಿಸದೆ ಬಿಡದವಳು ಈಗ ತುಟಿ ಎರಡು ಮಾಡಲಿಲ್ಲ. ನೀನೂ ಏಳು ಅನ್ನಲಿಲ್ಲ, ತಿವಿಯಲಿಲ್ಲ, ಈ ಕಡೆ ತಿರುಗಿ ಸಹ ನೋಡಲಿಲ್ಲ. ಅದನ್ನು ಮಾತ್ರ ನಲವತ್ತೊಂದರ ಕೈಲಿ ತಡೆದುಕೊಳ್ಳಲು ಆಗಲಿಲ್ಲ.

“ನಾನಿದ್ದೀನಿ ಸಾರ್.”

ಎದ್ದು ನಿಂತದ್ದು ಅವಳಿಗೇ ಆಮೇಲೆ ಗೊತ್ತಾಯಿತು.

“ಯಾರು?”

“ನಲವತ್ತೊಂದು. ದಿನಾ ಬಂದಿದ್ದೀನಿ ಸಾರ್. ಒಂದಿನಾನೂ ತಪ್ಪಿಸಿಲ್ಲ.”

“ನಾನು ನಂಬೋದು ಹೇಗೆ? ಸೋಮವಾರ ಏನು ಪಾಠ ಆಯ್ತು, ಹೇಳು ನೋಡೋಣ.”

ಡೆಸ್ಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ನದಿ ಯಾಕೆ ಅಂಕುಡೊಂಕಾಗಿ ಹರಿಯುತ್ತೆ ಅಂತ ಸಾರ್. ತಿರುವಿನಲ್ಲಿ ಹೊರಗಿನ ದಂಡೆ ಕೊರೆದುಹೋಗುತ್ತೆ, ಒಳಗಿನ ದಂಡೇಲಿ ಮರಳು ಕೂತ್ಕೊಳ್ಳುತ್ತೆ. ಆಮೇಲೆ... ನೀವು ಚಿಕ್ಕೋರಿದ್ದಾಗ ನಿಮ್ಮ ಅಣ್ಣ ಅಪ್ಪನ ಕೊಡೆ ತಂದು ನದೀಲಿ ತೇಲಿಬಿಟ್ಟಿದ್ದು. ನೀವೇ ಕಳೆದಿದ್ದು ಅಂತ ಅಣ್ಣನೇ ಮನೇಲಿ ಹೇಳಿದ್ರಂತೆ. ಏಟು ಬೀಳ್ತಾ ಇದ್ರೂ, ನಾನಲ್ಲ ಅನ್ನೋಕೆ ನಿಮಗೆ ಬಾಯಿ ಬರಲಿಲ್ವಂತೆ.”

ಕ್ಲಾಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ನೆನಪಿರಲಿಲ್ಲ. ಯಾರೂ ಕೇಳಿಸಿಕೊಂಡೇ ಇರಲಿಲ್ಲ.

“ಅದನ್ನೂ ಹೇಳಿದ್ನಾ ನಾನು?” ಮೇಷ್ಟ್ರ ದನಿ ಇಳಿದಿತ್ತು.

“ಹೇಳಿದ್ರಿ ಸಾರ್. ಮೆಲ್ಲಗೆ ಹೇಳಿದ್ರಿ.”

ಅವರು ಹಾಜರಿ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಗುಚಿದರು. “ಕೂತ್ಕೊಳ್ಳಿ,” ಅಂದರು ಕೊನೆಗೆ, “ಇಬ್ಬರೂ. ಹಿಂದಿಂದೆಲ್ಲ ನಾನು ಸರಿಮಾಡ್ತೀನಿ.”

ಈಗ ಇಬ್ಬರಿಗೂ ಮೆಟ್ಟಿಲು ಹತ್ತಿದರೆ ಮಂಡಿ ನೋಯುವ ವಯಸ್ಸು. ಯಾವ ಮದುವೆಮನೆಯಲ್ಲಿ ಸಿಕ್ಕಿದರೂ ಗಿರಣಿ ಈ ಕಥೆ ತೆಗೆಯುತ್ತಾಳೆ. ಪ್ರತಿ ಸಲವೂ ಅವಳ ಕಥೆಯಲ್ಲಿ ಮೇಷ್ಟ್ರ ಸಿಟ್ಟು ಒಂದು ತೂಕ ಹೆಚ್ಚು, ನಕ್ಕವರು ಇನ್ನೊಂದು ಬೆಂಚು ಹೆಚ್ಚು. ನಲವತ್ತೊಂದು ನಗುತ್ತಾ ಕೇಳಿಸಿಕೊಳ್ಳುತ್ತಾಳೆ, ತಿದ್ದುವುದಿಲ್ಲ. ಗಿರಣಿ ಮಾತ್ರ ಕಥೆಯನ್ನು ಅಲ್ಲಿಗೇ ಮುಗಿಸಿಬಿಡುತ್ತಾಳೆ. ಇವಳಿಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಅದರ ಮರುದಿನ.

ಮರುದಿನ ಮೇಷ್ಟ್ರು ನಲವತ್ತರವರೆಗೆ ಎಂದಿನ ಹಾಗೆ ಕೂಗಿದರು. ಆಮೇಲೆ ಪೆನ್ನು ಕೆಳಗಿಟ್ಟರು. ಓದುವ ಕನ್ನಡಕ ತೆಗೆದರು. ತಲೆಯೆತ್ತಿ, ಒಂದೊಂದೇ ಬೆಂಚು ದಾಟಿಕೊಂಡು, ಅವಳನ್ನು ಹುಡುಕಿದರು.

ಅವರ ಕಣ್ಣು ತಿಳಿಗಂದು ಬಣ್ಣದವು ಅಂತ ಕ್ಲಾಸಿಗೆ ಗೊತ್ತಾದದ್ದು ಅವತ್ತೇ.